ಎರಡೆಳೆ

ಹೊಸದು. ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ.
ನವಿಲಿನ ಕತ್ತು ಮುಗಿದು ಎದೆಗೆ ಇಳಿಯುವಾಗ
ಪರದೆ ಕಪ್ಪಾಯಿತು.
ಕರೆಂಟು ಹೋಗಿರಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು
ಕೌಲ್ ಬಜಾರಿನ ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತ.
ಆಮೇಲೆ ಏನೂ ಆಗಿಲ್ಲವೆಂಬಂತೆ
ಕಂಪನಿಯ ಹೆಸರು ತೋರಿಸಿ, ಸ್ವಾಗತ ಎಂದಿತು.
ನವಿಲು ಇರಲಿಲ್ಲ.

ನಾನು ಜೀನ್ಸಿನ ಹಿಂಜೇಬಿಗೆ ಚಿತ್ರ ಕೂಡಿಸುವವಳು.
ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು,
ಗರಿಗೆ ಎಷ್ಟು ಹೊಲಿಗೆ, ಕಣ್ಣಿಗೆ ಎಷ್ಟು,
ಯಂತ್ರಕ್ಕೆ ಅದನ್ನು ಮೊದಲೇ ಹೇಳಿಕೊಡಬೇಕು.
ಅಟ್ಟದ ಮೇಲೆ ನಾನು, ನನ್ನ ಕಂಪ್ಯೂಟರು;
ಹಲಗೆಯ ಕೆಳಗೆ ಮೌಲಾಲಿ ಮಾಸ್ತರರ ಹನ್ನೊಂದು ಮಷೀನು.

ಎಲ್ಲರಿಗೂ ಕಾರಣ ಗೊತ್ತಿತ್ತು.
"ಬಿಸಿಲಕ್ಕಾ. ನಮಗೇ ತಲಿ ತಿರುಗ್ತೈತಿ, ಅದಕ್ಕ ತಿರುಗಲ್ಲೇನು?"
ಎರ್ರಿಸ್ವಾಮಿ ಗೋಣಿಚೀಲ ಒದ್ದೆ ಮಾಡಿಕೊಂಡು ಹೊದಿಸಲು ಬಂದ.
ಏಣಿಯ ಮೇಲೇ ತಡೆದೆ.
ಮಾರಿದವನು ಫೋನಿನಲ್ಲಿ:
"ವಿಂಡೋಸ್ ಮತ್ತೆ ಹಾಕಿ ನೋಡಿ ಮೇಡಂ."
ಹಾಕಿದೆ. ಎರಡನೆಯ ಸಲ ಹಾಕುವಾಗಲೇ ಬಿತ್ತು
ಅರವತ್ತೆರಡು ಪರ್ಸೆಂಟಿನಲ್ಲಿ.
ಒಳಗಿನ ಲಾಗ್ ತೆರೆದರೆ ಪ್ರತಿಸಲವೂ ಒಂದೇ ವಾಕ್ಯ:
ಹಿಂದಿನ ಬಾರಿ ಸರಿಯಾಗಿ ಮುಚ್ಚಿಲ್ಲ.
ಅದು ನನಗೂ ಗೊತ್ತಿತ್ತು.

ಗಾದಿಲಿಂಗ ಬರುವುದು ರಾತ್ರಿ, ತನ್ನ ರಿಪೇರಿ ಅಂಗಡಿಯ ಶಟರ್ ಎಳೆದು.
ರ್‍ಯಾಮ್ ಪಟ್ಟಿ ಕಿತ್ತು ಶಾಲೆಯ ರಬ್ಬರಿನಿಂದ ಉಜ್ಜಿದ.
ಒಂದನ್ನು ಬಿಟ್ಟು ಇನ್ನೊಂದು ಹಾಕಿದ, ಅದನ್ನು ಬಿಟ್ಟು ಇದನ್ನು.
ಪವರ್ ಸಪ್ಲೈ ಹೊಸದು ತಂದ.
"ಮದರ್‌ಬೋರ್ಡು ಇರಬೇಕು. ತಾಯಿ ಮ್ಯಾಲೆ ಅನುಮಾನ ಪಡಬಾರ್ದು,
ಆದ್ರೂ..." ಎಂದು ಅಡಿಕೆ ಅಗಿದ.
ಬೆಳಗಿನ ಜಾವದ ತನಕ ಪರೀಕ್ಷೆ ಓಡಿಸಿದರೆ
ಒಂದೂ ತಪ್ಪಿಲ್ಲ. ಅವನ ಮುಂದೆ ಅದು ಸಾಧು.
ಹತ್ತಕ್ಕೆ ನಾನು ಬಂದು ಕುಳಿತರೆ ಮತ್ತೆ ಕಪ್ಪು.
"ನಿಮ್ಮ ಕೈಗುಣ ನೋಡ್ರಿ," ಅಂದ.
ನಗಲಿಲ್ಲ ನಾನು. ಆರುನೂರು ಜೇಬು ಕಾಯುತ್ತಿದ್ದವು.

ಅಂದಿನಿಂದ ಬಿದ್ದಾಗಲೆಲ್ಲ ಗಡಿಯಾರ ನೋಡಿ
ಟೈಲರ್ ಚಾಕಿನಲ್ಲಿ ಗೋಡೆಗೆ ಬರೆದೆ.
ಹತ್ತು ನಲವತ್ತೆರಡು. ಹನ್ನೊಂದು ಐದು. ಹನ್ನೊಂದು ಆರು.
ಮೂರು ವಾರಕ್ಕೆ ಗೋಡೆ ತುಂಬಿತು,
ಒಂದು ಜಾಗ ಬಿಟ್ಟು.
ಶುಕ್ರವಾರ, ಒಂದರಿಂದ ಎರಡು:
ಒಂದು ಗೀಟೂ ಇಲ್ಲ.

ಆ ಹೊತ್ತಿಗೆ ಏನಿರುತ್ತದೆ ಎಂದು ಯೋಚಿಸಿದೆ.
ಏನಿರುವುದಿಲ್ಲ ಎಂದು ಕೇಳಿಕೊಳ್ಳಲು ಇನ್ನೊಂದು ದಿನ ಬೇಕಾಯಿತು.
ಮಾಸ್ತರರು ನಮಾಜಿಗೆ ಹೋಗಿರುತ್ತಾರೆ.
ಕೆಳಗೆ ಹನ್ನೊಂದೂ ಮಷೀನು ನಿಂತಿರುತ್ತವೆ;
ಬೀದಿಯಲ್ಲಿ ಗೋಲಿಸೋಡಾ ಒಡೆದದ್ದೂ ಕೇಳುತ್ತದೆ.

"ಮಾಸ್ತರ್, ಸೊಂಟಪಟ್ಟಿ ಹೊಲೀರಿ. ಆರು ಪದರದ್ದು. ಜೋರಾಗಿ."
ದಡದಡ ಅಂತು ಹಲಗೆ.
ನನ್ನ ಲೋಟದ ಚಹಾ ಬಳೆಬಳೆಯಾಗಿ ನಡುಗಿತು.
ಕಪ್ಪು.
"ನನ್ನ ಹೊಲಿಗಿ ಏನ್ ಮಾಡ್ತಮ್ಮಾ?" ಮೇಲೆ ನೋಡಿದರು,
ಟೇಪು ಕೊರಳಲ್ಲಿ, ತಪ್ಪು ಮಾಡಿದವರ ಹಾಗೆ.

ಬೆರಳಾಡಿಸಿದೆ ಡಬ್ಬಿಯ ಮುಂಭಾಗದಲ್ಲಿ.
ಹೆಸರುಕಾಳಿನಷ್ಟು ಗುಂಡಿ, ರೀಸೆಟ್,
ಹುಟ್ಟುವಾಗಲೇ ಒಳಗೆ ಸಿಕ್ಕಿಕೊಂಡು
ಮುಟ್ಟಿಯೂ ಮುಟ್ಟದ ಹಾಗೆ ಕೂತಿತ್ತು.
ಕೆಳಗೆ ದಪ್ಪ ಬಟ್ಟೆ ಹೊಲಿದಾಗಲೆಲ್ಲ ಮುಟ್ಟುತ್ತಿತ್ತು.
ಅದು ಬೀಳುತ್ತಿರಲಿಲ್ಲ.
ಮತ್ತೆ ಶುರುಮಾಡು ಅಂತ ಯಾರೋ ಹೇಳುತ್ತಿದ್ದರು,
ಮಾಡುತ್ತಿತ್ತು.
ಇಷ್ಟು ವಿಧೇಯರಾದವರನ್ನು ನಾನು ಇಷ್ಟು ಬೈದದ್ದಿಲ್ಲ.

ಮುಚ್ಚಳ ತೆಗೆದು ಆ ಗುಂಡಿಯ ವೈರು ಕಿತ್ತೆ.
ಎರಡೇ ಎಳೆ, ಒಂದು ಬಿಳಿ, ಒಂದು ಕಪ್ಪು.
ಸೂಜಿ ಡಬ್ಬಿಯಲ್ಲಿ ಇದೆ ಈಗ, ಮುರಿದ ಸೂಜಿಗಳ ಜತೆ.

ಹನ್ನೆರಡು ದಿನವಾಯಿತು. ಒಮ್ಮೆಯೂ ಇಲ್ಲ.
ಗಾದಿಲಿಂಗ ಪವರ್ ಸಪ್ಲೈ ವಾಪಸ್ ತಗೊಳ್ಳಲ್ಲ ಅಂದಿದ್ದಾನೆ.
ಗೋಡೆಗೆ ಸುಣ್ಣ ಹೊಡೆಸಬೇಕು.
ಕೈ ಮಾತ್ರ ಇನ್ನೂ ನಂಬಿಲ್ಲ:
ಒಂದು ಗರಿ, ಒಂದು ಸೇವ್;
ಒಂದು ಗರಿ,