ಐದು ಕೇಜಿ ಕಲ್ಲು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ದಸ್ತಗೀರ್ ಸಾಬರ ಬಕೆಟ್ಟಿನಲ್ಲಿ
ಎರಡು ದಿನ ಮುಳುಗಿತ್ತು
ನನ್ನ ಐದು ಕೇಜಿ ಕಲ್ಲು.

‘ಹೊಗೆಯಾಡಲ್ಲ, ಮೂಗಿಗೆ ಹೊಡೆಯಲ್ಲ,
ಫಾಸ್ಫಾರಿಕ್ಕು ಮೆತ್ತನೆ ಆಸಾಮಿ ಕಣವ್ವ.
ತುಕ್ಕನ್ನ ಬಡಿದು ಓಡಿಸಲ್ಲ,
ಒಪ್ಪಿಸಿ ಕರಿ ಮಾಡುತ್ತೆ.’

ಬಿಸಿಲಿಗಿಟ್ಟರು.
ಕೆಂಪೆಲ್ಲ ಕಪ್ಪು ಚರ್ಮ,
ಬೆರಳಿಗೆ ಅಂಟಲಿಲ್ಲ.

ಇದೇ ಹುಳಿಯಂತೆ ನನ್ನ ಮಗ ಕುಡಿಯುವ ಕೋಲಾದಲ್ಲೂ,
ಹಲ್ಲು ತುಂಬುವ ಮುಂಚೆ ಡಾಕ್ಟರು ಸವರುವ ನೀಲಿಯಲ್ಲೂ.
ನಾನು ಮಾರುವ ಆಲೂಗಡ್ಡೆ
ಹೊಲದಲ್ಲಿ ತಿಂದ ಡಿಎಪಿಗೂ
ಇದರದೇ ಋಣ.

ತೂಗಿದೆವು.
ನಲವತ್ತು ಗ್ರಾಂ ಕಡಿಮೆ.

ಆಸಿಡ್ಡು ತಿಂದದ್ದೋ,
ಇಷ್ಟು ವರ್ಷ ನಾನೇ ತಿಂದದ್ದೋ?
ಸಾಬರು ಬಕೆಟ್ಟಿನ ಕಡೆ ನೋಡಿದರು.

ಅವತ್ತಿಂದ ಪ್ರತಿ ತಕ್ಕಡಿಗೂ
ಕೊನೆಗೊಂದು ಸಣ್ಣ ಗಡ್ಡೆ
ಹಾಕುತ್ತೇನೆ, ಸುಮ್ಮನೆ.