ಬರೆಯುವವರು ಬೇಕಾಗಿದ್ದಾರೆ

ಟಮಕದ ಗೇಟಿನೆದುರು ನನ್ನದೊಂದು ಜೆರಾಕ್ಸ್ ಅಂಗಡಿ.
ಒಂದು ಮೆಷಿನ್ನು, ಒಂದು ಫ್ಯಾನು,
ಚಿಲ್ಲರೆಗೊಂದು ಬಿಸ್ಕತ್ತಿನ ಡಬ್ಬಿ.
ಮಕ್ಕಳು ನನ್ನ ಹೆಸರು ಕೇಳಿದ್ದಿಲ್ಲ,
ಜೆರಾಕ್ಸಕ್ಕ ಅನ್ನುತ್ತಾರೆ, ಸಾಕು.

ಟೊಮೆಟೊ ಮಂಡಿಯಲ್ಲಿ ನಮ್ಮ ಮೈದುನ
ಕ್ರೇಟಿನ ಮೇಲೆ ಕೂತು ತೀರ್ಪು ಕೊಡುತ್ತಾನೆ:
'ಅಲ್ಲೇನತ್ತಿಗೆ ನಡೆಯೋದು? ಬೆಳಗ್ಗೆ ಧಿಕ್ಕಾರ,
ಮಧ್ಯಾಹ್ನ ಮರದ ಕೆಳಗೆ ಜೋಡಿ ಜೋಡಿ,
ಸಾಯಂಕಾಲ ಬೈಕಿನಲ್ಲಿ ಮೂರು ಮೂರು ಜನ,
ಎರಡು ವರ್ಷ ಕಳೆದರೆ ಒಂದು ಕಾಗದ.
ಎಲ್ಲಾ ನಮ್ಮ ದುಡ್ಡು.'
ನಾನು ಸುಮ್ಮನಿರುತ್ತೇನೆ.
ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡುವವಳು ನಾನು,
ಅದು ಬಿಸಿಯಾಗಿ ಹೊರಬರುವಾಗ ಅವರ ಮುಖ ನೋಡಿದವಳು.
ಹರಾಜು ಕೂಗುವ ಹೊತ್ತಲ್ಲಿ ಅದನ್ನು ಹೇಗೆ ಹೇಳೋದು?

ಹೋದ ಜೂನಿನಲ್ಲಿ ನನ್ನ ಗೋಡೆಗೇ ಚೀಟಿ ಅಂಟಿತು:
ಬರೆಯುವವರು ಬೇಕಾಗಿದ್ದಾರೆ.
ಬೇತಮಂಗಲದ ರೆಡ್ಡೆಪ್ಪ, ಇತಿಹಾಸ ಎಂ.ಎ., ಕಣ್ಣು ಕಾಣದು.
ಹೇಳುವುದು ಅವನು, ಬರೆಯುವುದು ಇನ್ನೊಬ್ಬರು,
ಆ ಇನ್ನೊಬ್ಬರಿಗೆ ಅವನಿಗಿಂತ ಓದು ಕಡಿಮೆ ಇರಬೇಕೆಂದು ನಿಯಮ.
ಪಾಪ, ಇಡೀ ವಿಶ್ವವಿದ್ಯಾಲಯ
ಓದು ಕಮ್ಮಿಯಾದವರನ್ನು ಹುಡುಕಿಕೊಂಡು ಅಲೆಯಿತು.
ಒಪ್ಪಿಕೊಂಡ ಪಿಯು ಹುಡುಗನಿಗೆ ಹಿಂದಿನ ದಿನ ಜ್ವರ.
ಶಶಿರೇಖಾ ಬಂದಳು, ತಬಸ್ಸುಮ್ ಬಂದಳು,
ಧಿಕ್ಕಾರ ಕೂಗುವ ಬೈರೇಶನೂ ಬಂದ, ಗಂಟಲು ಕಟ್ಟಿತ್ತು:
'ಅಕ್ಕಾ, ನೀನು ಎಷ್ಟರವರೆಗೆ ಓದಿದೀಯ?'
ತಲೆ ತಗ್ಗಿಸದೆ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅದೇ ಮೊದಲು.
ಪಿಯುಸಿ. ಒಂದು ಸಬ್ಜೆಕ್ಟು ಬಾಕಿ.
'ಸರಿಹೋಯ್ತು!' ಅಂದರು ಮೂವರೂ,
ಲಾಟರಿ ಹೊಡೆದವರ ಹಾಗೆ.

ಫಾರಮ್ಮಿಗೆ ಮೂರು ಸೀಲು. ಎರಡು ಸಿಕ್ಕಿತು.
ಮೂರನೆಯದು ಪರೀಕ್ಷಾ ವಿಭಾಗದ್ದು, ಬೀಗ ಬಿದ್ದಿತ್ತು.
ಎಲ್ಲರ ಬೈಗುಳ ತಿನ್ನುವ ಗುಮಾಸ್ತ ಮುನಿಶಾಮಪ್ಪ
ಬಸ್‌ಸ್ಟಾಪಿನಿಂದ ವಾಪಸು ಬಂದು
ಗೊಣಗುತ್ತಲೇ ಬೀಗ ತೆಗೆದು, ಗೊಣಗುತ್ತಲೇ ಒತ್ತಿದರು.
ಅಷ್ಟರಲ್ಲಿ ಅವರ ಬಸ್ಸು ಹೋಯಿತು.
ಬೈರೇಶ ವೇಮಗಲ್ಲಿನ ತನಕ ಬಿಟ್ಟು ಬಂದನಂತೆ, ಬೈಕಿನಲ್ಲಿ.

ಮೂಲೆಯ ಕೋಣೆ, ಮೂರು ಗಂಟೆ.
ರೆಡ್ಡೆಪ್ಪ ಹೇಳುತ್ತಾನೆ, ಬೆರಳು ಬೆಂಚಿನ ಮೇಲೆ ಓಡಾಡುತ್ತದೆ
ಕಳೆದುಹೋದ ಇಸವಿ ಅಲ್ಲೇ ಎಲ್ಲೋ ಬಿದ್ದಿರುವಂತೆ.
'ಗಂಗರು, ಕುವಲಾಲಪುರ' ಅಂದ. ಪೆನ್ನು ನಿಂತಿತು.
ಲಾ-ನಾ, ಳಾ-ನಾ?
ಬಿಡಿಸಿ ಹೇಳಿದ. ಆಮೇಲೆ ಪಿಸುಗುಟ್ಟಿದ:
'ನಮ್ಮ ಕೋಲಾರವೇ ಅಕ್ಕಾ.'
ಮೇಲ್ವಿಚಾರಕಿ ಕೆಮ್ಮಿದರು.
ನಲವತ್ತೊಂದು ವರ್ಷ ಬದುಕಿದ ಊರಿನ ಹೆಸರನ್ನು
ಆವತ್ತು ಮೊದಲ ಸಲ ಬರೆದೆ.

ಅಂಗಡಿಗೆ ಬಂದರೆ ಮೆಷಿನ್ನಿನ ಮುಂದೆ ಸಾಲು.
ತಬಸ್ಸುಮ್ ಕೈತುಂಬ ಕಪ್ಪು ಪುಡಿ,
ಯಾರದೋ ಆಧಾರ್ ಕಾರ್ಡು ಅರ್ಧ ಮುಖದ್ದು, ನಲವತ್ತು ಪ್ರತಿ.
ಡಬ್ಬಿ ಎಣಿಸಿದೆ. ಹನ್ನೊಂದು ರೂಪಾಯಿ ಜಾಸ್ತಿ.
ಯಾರದು ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಹಾಳಾದ ಪೇಪರಿನ ಲೆಕ್ಕ ಹಾಕಿದ್ದರೆ ನಷ್ಟವೇ.
ಹಾಕಲಿಲ್ಲ.

ರೆಡ್ಡೆಪ್ಪನಿಗೆ ಅರವತ್ತೆಂಟು ಬಂತು.
ಅಂಗಡಿಯ ಮೆಟ್ಟಿಲನ್ನು ಕೋಲಿನಿಂದ ತಟ್ಟಿ ಹೇಳಿದ:
'ಅಕ್ಕಾ, ನಿನ್ನ ಕೈಬರಹ ಎಂ.ಎ. ಪಾಸಾಯ್ತು.
ಬುದ್ಧಿ ನನ್ನದು ಅಂತ ಮಾತ್ರ ಮರೀಬೇಡ.'

ಮೈದುನನಿಗೆ ಇದಿಷ್ಟನ್ನೂ ಹೇಳಿದೆ.
'ಎಷ್ಟು ಕೊಟ್ಟರು?' ಅಂದ.
ಹನ್ನೊಂದು ರೂಪಾಯಿ, ಅಂದೆ.
ನಕ್ಕ, ಪಕ್ಕದವನಿಗೂ ಹೇಳಿ ನಗಿಸಿದ.
ಅಷ್ಟರಲ್ಲಿ ಹರಾಜು ಶುರುವಾಯಿತು,
ಕೂಗಿನ ಮೇಲೆ ಕೂಗು ಏರುತ್ತಾ ಹೋಯಿತು.
ಖಾಲಿ ಕ್ರೇಟೊಂದರ ಬದಿಗೆ ಧೂಳು ಕೂತಿತ್ತು.
ಬೆರಳಲ್ಲಿ ಬರೆದೆ: ಕುವಲಾಲ.
ಎರಡು ಲ-ವೂ ಸರಿಯಾಗಿ ಬಂದವು.