ಎಡಮುಖದ ಮುಂಗಲಿ

ಮಸ್ಜಿದ್ ಬಂದರಿನ ಓಣಿ, ಮೂರನೆಯ ಮಾಳಿಗೆ.
ಮೆಟ್ಟಿಲ ಮೇಲೇ ಇಂಗು ಎದುರು ಬಂದು ಮೂಗು ಹಿಡಿಯಿತು,
ಹೆಸರು ಕೇಳಲಿಲ್ಲ, ಕಾರ್ಡು ಕೇಳಲಿಲ್ಲ.

ಹಂಸಾಬೆನ್ ವೇದ್ ಕನ್ನಡಕ ಏರಿಸಿ ಮೊಬೈಲು ಚಾಚಿದರು:
"ಅರವತ್ತು ವರ್ಷದ ಮಾರ್ಕು ನಮ್ಮದು, ಮುಂಗುಸಿ.
ಬ್ಯಾಂಕಿನದು ಕಾಣುತ್ತೆ, ಪಿಜ್ಜಾದವನದು ಕಾಣುತ್ತೆ,
ನಮ್ಮ ಮೇಲ್ ಹೋದರೆ ಮಾತ್ರ
ನೇರಳೆ ಬೊಟ್ಟಿನೊಳಗೆ ಒಂದು ಎಮ್ಮು.
ಎಮ್ ಅಂದರೆ ಯಾರು? ಮಾಕಡನೂ ಆದೀತು."
ನಕ್ಕೆ. ನಮ್ಮಲ್ಲಿ ಇಂಗು ತಿಂದ ಮಂಗನದೇ ಒಂದು ಮಾತಿದೆ;
ಹಿಂದಿಯಲ್ಲಿ ಹೇಳಲು ಬಾರದೆ ನುಂಗಿಕೊಂಡೆ.

ಜತ್ತಿನ ಬಯಲಲ್ಲಿ ನಾವು ಹುಡುಗರು
ಬೇಲಿಗೆ ನುಗ್ಗುವ ಬಾಲ ಕಂಡರೆ ಸಾಕು
ಇದ್ದಬದ್ದ ದೇವರ ಆಣೆಯೆಲ್ಲ ಹಾಕಿ ಅಂಗಲಾಚುತ್ತಿದ್ದೆವು,
ಮುಂಗಲೀ, ಒಮ್ಮೆ ಹೊರಳಿ ನೋಡು, ಒಂದೇ ಒಮ್ಮೆ.
ಮುಖ ಕಂಡ ದಿನ ಮಾಸ್ತರರ ಬಡಿಗೆ ಇಲ್ಲ.
ಈಗ ಅದೇ ಕೆಲಸಕ್ಕೆ ತಾಸಿಗಿಷ್ಟು ಎಂದು ಬಿಲ್ಲು ಬರೆಯುತ್ತೇನೆ.

ಮೊದಲು ದಾಖಲೆ.
ಚಿತ್ರದ ವಿಳಾಸವೇನೋ ಇತ್ತು, ನಡುವಿನ ಅರ್ಧವಿರಾಮ ಇರಲಿಲ್ಲ.
ಮೇಲೊಂದು ಚುಕ್ಕಿ, ಕೆಳಗೆ ಬಾಲದ ಚುಕ್ಕಿ. ಹಾಕಿದೆ.
ಬರಲಿಲ್ಲ.

ಆಮೇಲೆ ಕಾವಲು. ಡಿಮಾರ್ಕ್ ಎಂಬ ಬಾಗಿಲವನಿಗೆ
ಯಾರೋ ಐದು ವರ್ಷದ ಹಿಂದೆ ಹೇಳಿ ಹೋಗಿದ್ದರು:
ಕಳ್ಳ ಬಂದರೆ ಹೆಸರು ಬರೆದುಕೋ, ಒಳಗೆ ಬಿಡು.
ವರದಿ ಬಿಚ್ಚಿದರೆ ಸಾಲು ಸಾಲು,
ಮುಂಗುಸಿಯ ಹೆಸರಲ್ಲಿ ಎಲ್ಲೆಲ್ಲಿಂದಲೋ ಹೊರಟ ಮೇಲುಗಳು.
"ಇಂದೂರಿನ ಕಿರಾಣಿಯವನು ಮುಂಗಡ ಕಳಿಸಿ ಕೂತಿದ್ದ,
ನಾವೇ ನುಂಗಿದೆವು ಅಂತ ಈಗಲೂ ಅವನ ಲೆಕ್ಕ."
ತಡೆ ಎಂದು ಬರೆಯುವ ಮುನ್ನ
ಬಿಲ್ಲು ಕಳಿಸುವ ಯಂತ್ರ, ದೀಪಾವಳಿಯ ಶುಭಾಶಯ ಹಂಚುವ ಕಂಪನಿ,
ಭಿವಂಡಿ ಗೋದಾಮಿನ ಮೂಲೆಯಲ್ಲಿ ಗುರುಗುಡುವ ಹಳೆಯ ಸರ್ವರು,
ಒಬ್ಬೊಬ್ಬರ ಸಹಿಯೂ ಕೂಡಬೇಕು. ಮೂರು ವಾರ.
ನಮ್ಮವರನ್ನೇ ಹೊರಗೆ ನಿಲ್ಲಿಸಿದರೆ ಏನು ಗತಿ.

ಚಿತ್ರವೂ ಸರಿಯಿರಲಿಲ್ಲ. ಯಾರೋ ಫೋಟೋವನ್ನೇ
ಎಸ್‌ವಿಜಿ ಚೀಲದೊಳಗೆ ತುರುಕಿ ಬಾಯಿ ಕಟ್ಟಿದ್ದರು.
ಹಾಗಲ್ಲ, ಗೆರೆಗೆರೆಯಾಗಿ ಬರಬೇಕು, ಚೌಕದೊಳಗೆ, ಹಗುರಾಗಿ.
ಇಡೀ ರಾತ್ರಿ ಮೀಸೆ ಎಣಿಸಿದೆ,
ಹದಿನಾಲ್ಕರಲ್ಲಿ ಆರು ಉಳಿಸಿದೆ.
ಬರಲಿಲ್ಲ.

ಕೊನೆಗೆ ಪ್ರಮಾಣಪತ್ರದವರು ಬರೆದರು:
ನೋಂದಾಯಿಸಿದ ಮುಂಗುಸಿ ಎಡಕ್ಕೆ ನೋಡುತ್ತದೆ.
ನೀವು ಕಳಿಸಿದ್ದು ಬಲಕ್ಕೆ.

ಹಂಸಾಬೆನ್ ಬಹಳ ಹೊತ್ತು ಏನೂ ಅನ್ನಲಿಲ್ಲ.
ದೇವರ ಗೂಡಿನ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದರು,
ತುಕ್ಕು ಹಿಡಿದದ್ದು, ಮಾವನ ಕಾಲದ್ದು.
ಎಡಕ್ಕೇ ಇತ್ತು ಮುಖ. ಬಾಯಲ್ಲಿ ಹಾವಿನ ಬಾಲ.
ಯಾವ ಮುದ್ರಕ ಯಾವ ವರ್ಷ ಪ್ಲೇಟು ತಿರುವಿ ಹಾಕಿದನೋ,
ಹಾವು ಯಾವಾಗ ಜಾರಿತೋ,
ದಿನಾ ಸಾವಿರ ಡಬ್ಬಿ ಕೈ ದಾಟಿಸಿದವರಿಗೇ ಗೊತ್ತಿಲ್ಲ.
"ನಾನು ಮದುವೆಯಾಗಿ ಬಂದಾಗ ಹಾವು ಇತ್ತು," ಎಂದರು.
"ಇತ್ತು ಅನಿಸುತ್ತೆ."

ಹಾವನ್ನು ಮತ್ತೆ ಬರೆದೆ.

ಇವತ್ತು ಸಂಜೆ ಹಾರ್ಬರ್ ಲೈನಿನ ಹೆಂಗಸರ ಡಬ್ಬಿಯಲ್ಲಿ
ಒಂದು ಕೈ ಹಿಡಿಕೆಗೆ, ಒಂದು ಕೈ ಮೊಬೈಲಿಗೆ.
ಬಂದಿತ್ತು! ಕಡಲೆಯಷ್ಟು ಮುಖ, ಎಡಕ್ಕೆ.
ಹಾವೆಂದರೆ ಹಾವು, ಪರದೆಗಂಟಿದ ರೆಪ್ಪೆಗೂದಲೆಂದರೂ ಆಯಿತು;
ಉಗುರಿನಿಂದ ಕೆರೆದು ನೋಡಿದೆ, ಹೋಗಲಿಲ್ಲ.
ಇನ್ನೊಂದು ಖಾತೆ ತೆರೆದೆ. ಅಲ್ಲಿ ಅದೇ ನೇರಳೆ ಬೊಟ್ಟು, ಅದೇ ಎಮ್ಮು.
ಕೆಲವು ಪೆಟ್ಟಿಗೆಗಳು ಹಾಗೇ.
ಎಲ್ಲ ಸರಿಯಿದ್ದರೂ ತೋರಿಸುವುದಿಲ್ಲ,
ಕಾರಣ ಹೇಳುವ ಪದ್ಧತಿಯೂ ಇಲ್ಲ.

ವಡಾಳಾ ಹತ್ತಿರ, ಕಿಟಕಿಗೊರಗಿ ತೂಕಡಿಸುತ್ತಿದ್ದ ಹೆಂಗಸು
ಕಣ್ಣು ತೆರೆಯದೆ ನನ್ನ ಚೀಲದತ್ತ ಮೂಗು ತಿರುಗಿಸಿದಳು:
"ಮುಂಗುಸ್ ಛಾಪ್ ಅಲ್ಲವಾ?
ಐವತ್ತು ಗ್ರಾಮಿನದು ಎಷ್ಟಾಗಿದೆ ಈಗ?"